ಸಾಲಿಮಠರ ಸೋಲುಮಾತು

ಧಾರವಾಡದ ಒರೆಮನೆ,
ಫೆಬ್ರವರಿ ಮೂವತ್ತು, ೨೨೪೧

ನಮಗಿಂತ ಮೊದಲು ಬದುಕಿದವರಿಗೆ ಸುಗಲಾ ಹೂಲಿ ಮಾಡುವ ವಂದನೆಗಳು.

ತಾರೀಖು ಕಂಡು ಇದು ಯಾರದೋ ಕುಚೋದ್ಯ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿದೂಗಿಸಿದ್ದಾರೆ, ಫೆಬ್ರವರಿಗೂ ಮೂವತ್ತು ದಿನಗಳು ದಕ್ಕಿವೆ. ನಿಮ್ಮ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳಿಂದ ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ತೊಡಕಾದರೆ, ನಿಮಗೆ ಗೊತ್ತಿಲ್ಲದ ಪದ ನುಸುಳಿದರೆ ಕ್ಷಮಿಸಿ. ಒಂದು ಸಂಗತಿ ನಡೆದಿದೆ. ಅದರಿಂದ ನನ್ನ ಎದೆಯ ಮೇಲಿನ ಕಲ್ಲು ಇಳಿದಿದೆ. ಅದನ್ನು ನಿಮಗೇ ಹೇಳಬೇಕೆನಿಸಿತು, ಏಕೆಂದರೆ ಆ ಕಲ್ಲು ನಿಮ್ಮ ಕಾಲದಿಂದಲೇ ಉರುಳಿ ಬಂದದ್ದು.

ಒರೆಮನೆ ಎಂದರೆ ನಾನು ಕೆಲಸ ಮಾಡುವ ಜಾಗ. ಅಕ್ಕಸಾಲಿಗರು ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡುವ ಹಾಗೆ ಇಲ್ಲಿ ನಾವು ಒಂದು ಸಂಸ್ಕೃತಿ ಇನ್ನೊಂದರ ಬಗ್ಗೆ ಆಡುವ ಮಾತುಗಳನ್ನು ಉಜ್ಜಿ ನೋಡುತ್ತೇವೆ. ನಿಮ್ಮ ಕಾಲದ ವಾದಗಳನ್ನು ನಾನು ಬಹಳ ಕೇಳಿದ್ದೇನೆ. ಹಿಂದೂ ಧರ್ಮವೆಂದರೆ ಇಂಥದ್ದು, ಇಂಥ ಗ್ರಂಥದಲ್ಲಿದೆ ನೋಡಿ ಎಂದು ಕೆಲವರು. ಹೊರಗಿನವರಿಗೆ ಇದು ಅರ್ಥವಾಗುವುದೇ ಇಲ್ಲ ಎಂದು ಇನ್ನು ಕೆಲವರು. ಇಬ್ಬರ ದನಿಯೂ ಏರುತ್ತಿತ್ತು. ಆದರೆ ಏನು ಕಂಡರೆ ನಾನು ಸೋತೆ ಎಂದು ಒಪ್ಪುತ್ತೇನೆ ಎಂಬುದನ್ನು ಇಬ್ಬರೂ ಹೇಳುತ್ತಿರಲಿಲ್ಲ. ಅದಕ್ಕೇ ಒರೆಮನೆಯಲ್ಲಿ ಒಂದು ಕಟ್ಟಳೆ ಇದೆ. ಯಾರೇ ಒಂದು ಸಿದ್ಧಾಂತ ಮಂಡಿಸಿದರೂ ಅದರ ಜೊತೆಗೆ ಸೋಲುಮಾತನ್ನು ಕೊಡಬೇಕು. ಇಂಥದ್ದು ಕಂಡರೆ ನನ್ನ ಸಿದ್ಧಾಂತ ಬಿತ್ತು ಎಂದು ಮೊದಲೇ, ಎಲ್ಲರೆದುರು ಹೇಳುವ ಮಾತು ಅದು.

ನನ್ನ ಗುರುಗಳು ಗುರುಪಾದಪ್ಪ ಸಾಲಿಮಠರು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಎಪ್ಪತ್ತು ದಾಟಿದ ವಯಸ್ಸು. ಅವರ ಸಿದ್ಧಾಂತಕ್ಕೆ ಎರಡು ಕಾಲುಗಳಿದ್ದವು. ನಮ್ಮ ಕಡೆಯ ಆಚರಣೆ ನಂಬಿಕೆಯ ಮೇಲೆ ನಿಂತಿಲ್ಲ, ನಂಬಿಕೆ ಹೋದರೂ ಆಚರಣೆ ನಡೆಯುತ್ತದೆ ಎಂಬುದು ಒಂದು. ಪಶ್ಚಿಮದ ಜನರ ಆಚರಣೆ ನಂಬಿಕೆಯ ಮೇಲೆಯೇ ನಿಂತಿದೆ, ನಂಬಿಕೆ ಹೋದರೆ ಅದೂ ಕುಸಿಯುತ್ತದೆ, ತಮ್ಮಂತೆಯೇ ಎಲ್ಲರೂ ಎಂದುಕೊಂಡು ಅವರು ನಮ್ಮಲ್ಲೂ ನಂಬಿಕೆಗಳನ್ನು ಹುಡುಕಿದರು ಎಂಬುದು ಇನ್ನೊಂದು. ಗುರುಗಳ ಸೋಲುಮಾತಿನಲ್ಲೂ ಎರಡು ಭಾಗ. ನಂಬಿಕೆ ಹೋದ ಮೇಲೆ ನಮ್ಮೂರುಗಳಲ್ಲಿ ಆಚರಣೆ ನಿಂತುಹೋದರೆ ನಾನು ಸೋತೆ. ದೇವರನ್ನು ಬಿಟ್ಟು ತಲೆಮಾರುಗಳೇ ಕಳೆದ ಪಶ್ಚಿಮದ ಊರಿನಲ್ಲಿ, ಕಾರಣ ಹೇಳಲಾಗದ ಆಚರಣೆಯೊಂದು ಉಳಿದಿದ್ದರೂ ನಾನು ಸೋತೆ.

ಮೊದಲ ಭಾಗವನ್ನು ಪರೀಕ್ಷಿಸಲು ಬಂದವಳು ಮಾರೈಕೆ. ನೆದರ್ಲ್ಯಾಂಡಿನ ಕಡಲಂಚಿನವಳು, ಸಾಲಿಮಠರ ವಿರೋಧಿ. ಪ್ರತಿ ಆಚರಣೆಯ ಹಿಂದೆಯೂ ಒಂದು ನಂಬಿಕೆ ಅವಿತಿರುತ್ತದೆ ಎನ್ನುವುದು ಅವಳ ಪಕ್ಷ. ಅವಳು ಮಲಪ್ರಭೆಯ ದಂಡೆಯ ಕೆಂಗಾನೂರಿನಲ್ಲಿ ನೆಲೆಸಿ, ನಮ್ಮ ಮಾತು ಕಲಿತಳು. ಅಲ್ಲೀಗ ನಿಮ್ಮ ಕಾಲದ ಹೊಲಗಳಿಲ್ಲ. ಜೋಳವನ್ನು ಮಾಳಿಗೆಹೊಲಗಳಲ್ಲಿ ಬೆಳೆಯುತ್ತಾರೆ. ಒಂದರ ಮೇಲೊಂದು ಅಂತಸ್ತು, ಕನ್ನಡಿಗಳಿಂದ ಒಳಗೆ ತಂದ ಬಿಸಿಲು, ಬೇರುಗಳಿಗೆ ಮಂಜಿನಂತೆ ನೀರು. ಮಣ್ಣು ಎಂಬುದು ಒಂದು ಹಿಡಿಯೂ ಇಲ್ಲ. ಆದರೂ ಎಳ್ಳಮಾವಾಸ್ಯೆಗೆ ಊರವರು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಡುಬು ಕಟ್ಟಿಕೊಂಡು ಬಂದು ಪ್ರತಿ ಅಂತಸ್ತಿನಲ್ಲೂ ಚರಗ ಚೆಲ್ಲುತ್ತಾರೆ, ಅಂದರೆ ಬೆಳೆಯ ನಡುವೆ ಅನ್ನ ಎರಚುತ್ತಾರೆ. ಮಾರೈಕೆ ಫಕೀರವ್ವ ಎಂಬ ಹೆಂಗಸನ್ನು ಕೇಳಿದ್ದಳು. ಮೊದಲ ಸಲ ಆ ಧ್ವನಿಮುದ್ರಣ ಕೇಳಿದಾಗ ನನಗೆ ನಗು ಬಂತು.

"ಭೂಮಿತಾಯಿ ಬಸುರಿ, ಆಕಿಗೆ ಉಣ್ಣಸಬೇಕು ಅಂತ ಚೆಲ್ತೀರೇನ್ರಿ?"

"ಹಂಗ ಅಂತಾರ ನೋಡ್ರಿ."

"ಇಲ್ಲಿ ಭೂಮೀನ ಇಲ್ಲಲ್ರೀ."

"ಇಲ್ಲ ಬಿಡ್ರಿ. ಇಂದ ಎಳ್ಳಮಾಸಿ ಐತಲ್ಲ, ಚೆಲ್ಲಬೇಕು. ನೀವೂ ಒಂದೀಟು ಹಿಡೀರಿ, ಆ ಮೂಲಿ ಉಳದೈತಿ."

ಮಾರೈಕೆ ಮರುವರ್ಷವೂ ಅಲ್ಲೇ ಇದ್ದು, ಸುತ್ತಲಿನ ಊರುಗಳನ್ನೂ ನೋಡಿ ಬಂದು, ಒರೆಕೂಟದಲ್ಲಿ, ಅಂದರೆ ಎಲ್ಲರೂ ಸೇರುವ ವಿಚಾರಣೆಯಲ್ಲಿ, ತಾನು ಸೋತೆ ಎಂದು ಹೇಳಿದಳು. ಧಾರವಾಡ ಅಂದು ಹಬ್ಬ ಮಾಡಿತು. ಸಾಲಿಮಠರ ಬಳಗ ಎಂದು ಕರೆದುಕೊಳ್ಳುವ ಅಭಿಮಾನಿಗಳು ಬೀದಿಯಲ್ಲಿ ಪೇಢೆ ಹಂಚಿದರು. ಗುರುಗಳು ಪೇಢೆ ಮುಟ್ಟಲಿಲ್ಲ. ಇನ್ನೂ ಅರ್ಧ ಉಳಿದಿದೆ ಎಂದು ಹೇಳಿ, ಆ ಅರ್ಧಕ್ಕೆ ನನ್ನನ್ನು ಕಳಿಸಿದರು.

ನಾನು ಹೋದದ್ದು ಮಾರೈಕೆಯ ತವರಿನ ಕಡೆಗೇ. ಗಾಳಿಹಡಗಿನ ಪ್ರಯಾಣ, ಹಾಯಿ ಬಿಚ್ಚಿ ನಿಧಾನಕ್ಕೆ ಹೋಗುವ ಅಂಥ ಹಡಗುಗಳೇ ನಮಗೀಗ ದೂರದೂರಿಗೆ ಗತಿ. ಅಲ್ಲಿನ ಜನ ಕಡಲಿಗಿಂತ ತಗ್ಗಿನಲ್ಲಿ, ಎತ್ತರದ ಕಟ್ಟೆಯ ಹಿಂದೆ ಬದುಕುತ್ತಾರೆ. ಇಗರ್ಜಿಯಲ್ಲಿ, ಅಂದರೆ ಹಳೆಯ ಚರ್ಚಿನಲ್ಲಿ, ಬೀಜದ ಚೀಲಗಳನ್ನು, ಸೈಕಲ್ಲುಗಳನ್ನು ಇಡುತ್ತಾರೆ. ದೇವರಿದ್ದಾನೆ ಎನ್ನುವವರು ಆ ಊರಿನಲ್ಲಿ ನನಗೆ ಒಬ್ಬರೂ ಸಿಗಲಿಲ್ಲ. ಅವರ ಅಜ್ಜ ಅಜ್ಜಿಯರ ಕಾಲಕ್ಕೇ ಅದೆಲ್ಲ ಮುಗಿದಿತ್ತು. ಗುರುಗಳ ಮಾತು ಗೆದ್ದಿತು ಎಂದುಕೊಂಡು ಮರಳುವ ತಯಾರಿಯಲ್ಲಿದ್ದೆ. ಅಷ್ಟರಲ್ಲಿ ಫೆಬ್ರವರಿ ಬಂತು, ಹೋದ ವರ್ಷದ್ದು. ಒಂದು ಬೆಳಿಗ್ಗೆ ಊರವರು ಬೀಜದ ಚೀಲಗಳನ್ನು ಪಕ್ಕಕ್ಕೆ ಸರಿಸಿ ಬೆಂಚುಗಳನ್ನು ಒರೆಸುತ್ತಿದ್ದರು. ಹಿಂದೆಂದೋ ಕಡಲು ನುಗ್ಗಿದ ದಿನ ಅದು. ನಾನು ಇಳಿದುಕೊಂಡಿದ್ದ ಮನೆಯ ನೀಲ್ಚೆ ಎಂಬ ಮುದುಕಿಯೂ ಹೊರಟಿದ್ದಳು.

"ಅಲ್ಲಿ ಏನು ಹಾಡುತ್ತೀರಿ?" ಎಂದು ಕೇಳಿದೆ.

"ದೇವರ ಸ್ತುತಿ."

"ದೇವರಿಲ್ಲ ಅಂದಿರಲ್ಲ?"

"ಇಲ್ಲ."

"ಮತ್ತೆ ಹಾಡುವುದು ಯಾಕೆ?"

ನೀಲ್ಚೆ ನನ್ನನ್ನು ಕನಿಕರದಿಂದ ನೋಡಿದಳು. "ಇವತ್ತು ಹಾಡಬೇಕು, ಅದಕ್ಕೆ. ಬರುವುದಿದ್ದರೆ ದಪ್ಪ ಕೋಟು ಹಾಕಿಕೋ. ಒಳಗೆ ಥಂಡಿ."

ಹೋದೆ. ಬಹಳ ನಿಧಾನದ, ಉಸಿರು ಎಳೆದೆಳೆದು ಹಾಡುವ ಹಾಡುಗಳು. ನನ್ನ ಪಕ್ಕದಲ್ಲಿ ನೀಲ್ಚೆ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಫಕೀರವ್ವನ ಉತ್ತರವನ್ನೇ ನಾನು ಇನ್ನೊಂದು ಭಾಷೆಯಲ್ಲಿ ಕೇಳಿದ್ದೆ. ಆಮೇಲೆ ನೆರೆಯ ಊರುಗಳಿಗೂ ಹೋಗಿ ಕೇಳಿದೆ. ಎಲ್ಲ ಕಡೆಯೂ ಅದೇ.

ಧಾರವಾಡಕ್ಕೆ ಮರಳುವಷ್ಟರಲ್ಲಿ ಸುದ್ದಿಯ ವಾಸನೆ ಹರಡಿತ್ತು. ಬಳಗದ ಮುಖಂಡ ಬಸಲಿಂಗ ನಮ್ಮ ಮನೆಗೆ ಬಂದ. "ಸುಗಲಕ್ಕಾ, ಇದು ಬರೇ ಗುರುಗಳ ಮಾತಲ್ಲ. ನಮ್ಮ ಮರ್ಯಾದಿ ಪ್ರಶ್ನೆ. ಪಶ್ಚಿಮದವರು ನಮಗ ಎಷ್ಟು ತಲಿಮಾರು ಪಾಠಾ ಹೇಳಿದ್ರು. ಒಂದ ಸಲ ನಾವು ಗೆದ್ದೀವಿ. ನೀ ಆ ಹಾಡಿನ ವಿಷಯ ಬಿಟ್ಟು ಉಳಿದದ್ದು ಹೇಳು." ಸಿಟ್ಟಿನಲ್ಲಿ ಹೇಳಲಿಲ್ಲ ಅವನು, ಬೇಡಿಕೊಂಡ. ಅದರಿಂದ ನನಗೆ ಇನ್ನೂ ಕಷ್ಟವಾಯಿತು. ಗುರುಗಳಿಗಾದರೂ ಮೊದಲೇ ತಿಳಿಸೋಣ ಎಂದು ಅವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಖ ನೋಡಿದವರೇ ಕೈ ಅಡ್ಡ ಹಿಡಿದರು.

"ಇಲ್ಲಿ ಹೇಳಬ್ಯಾಡವಾ, ಕೂಟದಾಗ ಹೇಳು. ಇಲ್ಲಿ ಹೇಳಿದ್ರ ನಾ ನಿನ್ನ ಬಾಯಿ ಮುಚ್ಚಸಾಕ ನೋಡಬಹುದು. ನನ್ನ ಮ್ಯಾಲ ನನಗ ಅಷ್ಟು ಭರವಸಾ ಇಲ್ಲ."

ಒರೆಕೂಟದ ದಿನ ಸಭಾಂಗಣ ತುಂಬಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಹಾಡನ್ನೂ ಕೇಳಿಸಿದೆ. ಮುಗಿಯುತ್ತಿದ್ದಂತೆ ಬಸಲಿಂಗ ಎದ್ದು ನಿಂತ.

"ಅದು ಸತ್ತವರ ನೆನಪಿಗೆ ಮಾಡೂದು ಅಷ್ಟ. ಅದನ್ನ ಆಚರಣಿ ಅಂತ ಹಿಡಿಯೂದ ತಪ್ಪು. ಗುರುಗಳ ಮಾತಿಗೆ ಧಕ್ಕಿ ಇಲ್ಲ."

ಸಭೆ ಗುರುಗಳ ಕಡೆ ತಿರುಗಿತು. ಅವರು ಆ ಮಾತನ್ನು ಒಪ್ಪಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಬಸಲಿಂಗನಿಗೇ ಹೇಳಿದರು, ಮೆತ್ತಗೆ.

"ಸೋತ ಮ್ಯಾಲ ಶಬ್ದದ ಅರ್ಥ ಬದಲಿ ಮಾಡಬಾರದಪಾ. ಫಕೀರವ್ವನ ಚರಗ ಆಚರಣಿ ಅಲ್ಲ, ಬರೇ ರೂಢಿ ಅಂತ ಮಾರೈಕೆ ಅಂದಿದ್ರ ನಾವು ಕೇಳ್ತಿದ್ವೇನು?" ನಂತರ ಸಭೆಗೆ ಹೇಳಿದರು. "ನಮ್ಮನ್ನ ಗ್ರಂಥದಾಗಿಂದ ಓದಿದ್ರು ಅಂತ ಪಶ್ಚಿಮದವರ ಜೋಡಿ ಜಗಳಾಡ್ಕೋತ ಬಂದೆ. ನಾನೂ ಅವರನ್ನ ಗ್ರಂಥದಾಗ ಓದಿದೆ, ಮನಿಗೆ ಹೋಗಿ ನೋಡಲಿಲ್ಲ. ನನ್ನ ಎರಡನೇ ಮಾತು ಬಿತ್ತು."

ಮಾರೈಕೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಎದ್ದು, "ನಮ್ಮಜ್ಜಿಯೂ ಆ ಹಾಡು ಹಾಡ್ತಿದ್ಲು. ಅದು ಅಧ್ಯಯನಕ್ಕ ತಗೊಳ್ಳೂವಂಥದ್ದು ಅಂತ ನನಗ ಯಾವತ್ತೂ ಅನಿಸಿರಲಿಲ್ಲ" ಎಂದಳು, ಕೆಂಗಾನೂರಿನ ಕನ್ನಡದಲ್ಲೇ. ಗುರುಗಳು ನಕ್ಕರು. ಅಷ್ಟು ಹಗುರಾಗಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕೂಟ ಮುಗಿದ ಮೇಲೆ ಮೂವರೂ ಕೂತು ಗಿರಮಿಟ್ಟು ತಿಂದು ಚಹಾ ಕುಡಿದೆವು. ನಮ್ಮ ಚಹಾ ಎಂದರೆ ಹುರಿದ ಜೋಳದ ಕಷಾಯ, ನಿಮಗೆ ಸೇರಲಿಕ್ಕಿಲ್ಲ. ಗುರುಗಳು ಇನ್ನೊಂದು ತಟ್ಟೆ ಗಿರಮಿಟ್ಟು ತರಿಸಿಕೊಂಡರು. ಇಷ್ಟು ವರ್ಷ ಆ ಎರಡನೇ ಮಾತನ್ನು ಹೊತ್ತು ತಿರುಗಿ ಹೆಗಲು ನೋಯುತ್ತಿತ್ತು ಎಂದು ತಿನ್ನುತ್ತಲೇ ಹೇಳಿದರು. ಮೊದಲನೇ ಮಾತು ಗಟ್ಟಿಯಾಗಿ ನಿಂತಿದೆ. ಆದರೆ ಅದು ನಮ್ಮದಷ್ಟೇ ಅಲ್ಲವಾದರೆ, ಪಶ್ಚಿಮ ನಮ್ಮಲ್ಲಿ ನಂಬಿಕೆಗಳನ್ನು ಹುಡುಕಿದ್ದು ಯಾಕೆ? ತನ್ನ ಮನೆಯೊಳಗೇ ಇದ್ದದ್ದು ಅದಕ್ಕೆ ಕಾಣದೆ ಹೋದದ್ದು ಯಾಕೆ? ಈ ಪ್ರಶ್ನೆಯ ಮೇಲೆ ಅವರೂ ಮಾರೈಕೆಯೂ ಈಗ ಕೂಡಿ ಕೆಲಸಕ್ಕೆ ಇಳಿದಿದ್ದಾರೆ. ಗುರುಗಳು ಈ ವಯಸ್ಸಿನಲ್ಲಿ ಹಡಗು ಹತ್ತಿ ನೀಲ್ಚೆಯ ಊರಿಗೆ ಹೋಗಿದ್ದಾರೆ. ನಿನ್ನೆ ಅವರ ಧ್ವನಿ ಬಂತು. ಹಾಡಿನ ಧಾಟಿ ಹತ್ತುತ್ತಿಲ್ಲವಂತೆ, ಊಟಕ್ಕೆ ಖಾರವಿಲ್ಲವಂತೆ, ಉಳಿದದ್ದೆಲ್ಲ ಚಲೋ ಐತಿ ಎಂದರು. ಬಸಲಿಂಗ ಇನ್ನೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ. ಆದರೆ ಯಾರೂ ನಮ್ಮ ಮನೆಗೆ ಕಲ್ಲು ಎಸೆಯಲಿಲ್ಲ, ನನ್ನನ್ನು ದ್ರೋಹಿ ಎನ್ನಲಿಲ್ಲ. ನಿಮ್ಮ ಕಾಲದ ಧ್ವನಿಗಳನ್ನು ಕೇಳಿದವಳಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂದು ನಿಮಗೆ ಹೇಳಬೇಕಾಗಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಜಗಳ ಬಿಡಿ ಎನ್ನುವುದಿಲ್ಲ. ಆ ಜಗಳವಿಲ್ಲದಿದ್ದರೆ ಒರೆಮನೆಯೇ ಹುಟ್ಟುತ್ತಿರಲಿಲ್ಲ. ಆದರೆ ನಿಮ್ಮ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು, ತಾವು ಅಂದದ್ದು ತಪ್ಪಾಯಿತೆಂದು ಸಭೆಯಲ್ಲಿ ಒಪ್ಪಿಕೊಂಡು, ಎರಡೂ ಕಡೆಯವರಿಂದ ಬೈಸಿಕೊಂಡು, ಒಬ್ಬರೇ ಮನೆಗೆ ನಡೆದುಹೋಗುತ್ತಾರೆ. ಅವರ ಹೆಸರು ನಮ್ಮ ತನಕ ಬಂದಿಲ್ಲ. ಅಂಥವರು ನಿಮಗೆ ಎದುರಾದರೆ ಕರೆದು ಕೂರಿಸಿ, ಉಂಡು ಹೋಗಿ ಎನ್ನಿ. ಅವರು ನಮ್ಮ ಒರೆಮನೆಯ ಹಿರಿಯರು.