ಹಂಚಿಬಿಟ್ಟ ಸಕ್ಕರೆ

ಪೀಣ್ಯ, ಬೆಂಗಳೂರು
20-9-2007

ನನ್ನ ಸೊಸೆ ಮರೆವ್ವಗೆ, ನಿನ್ನ ಅತ್ತೆ ತಲೆ ಸವರಿ ಬರೆಯುವುದು.

ನಿನ್ನ ಅವ್ವನ ಸೊಂಟದ ನೋವು ಹೇಗಿದೆ? ಎಣ್ಣೆ ತಿಕ್ಕುವಾಗ ನಿನ್ನ ಸಿಟ್ಟನ್ನೆಲ್ಲ ಅಂಗೈಗೆ ತರಬೇಡ, ಮುದುಕಿಯ ಎಲುಬು ಅವು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾವು ಆರಾಮ ಇದ್ದೇವೆ. ನಿನ್ನ ಗಂಡ ಯಮನಪ್ಪ ವೈಟ್‌ಫೀಲ್ಡಿನ ಗಾರೆ ಕೆಲಸದಿಂದ ಶನಿವಾರ ಬರುತ್ತಾನೆ. ನಾನು ಬಡಿದ ರೊಟ್ಟಿ ತಿಂದು ಬಾಗಿಲ ಕಡೆ ನೋಡುತ್ತ ಕೂರುತ್ತಾನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮೂರ ಅಂಗಡಿಯ ಫೋನಿಗೆ ಮಾತಾಡಿದರೆ ಕಟ್ಟೆಯ ಮೇಲೆ ಕೂತವರೆಲ್ಲ ಹೂಂಗುಟ್ಟುತ್ತಾರೆ.

ಈಗ ನಿನ್ನ ಮಗಳ ಸುದ್ದಿ, ಕೂತುಕೊಂಡು ಓದು. ನೀಲಾಂಬಿಕಾ ಹೊಲಿಯಲು ಹೋಗುವ ಗಾರ್ಮೆಂಟ್ಸಿನಲ್ಲಿ ಸುಜಯ್ ಅಂತ ಒಬ್ಬ ಸೂಪರ್‌ವೈಸರ್ ಇದ್ದಾನೆ. ಜಾಲಹಳ್ಳಿಯವನು, ಅಪ್ಪನಿಗೆ ಸರಕಾರಿ ಕಾರ್ಖಾನೆಯ ಕೆಲಸ, ಇರಲು ಕ್ವಾರ್ಟರ್ಸ್. ಮಳೆ ಬಂದ ದಿನ ಇವಳನ್ನು ವಠಾರದ ತನಕ ಬಿಟ್ಟು ಹೋಗುತ್ತಾನೆ. ಕೊಡೆಯೆಲ್ಲ ಇವಳ ತಲೆಯ ಮೇಲೆ, ಅವನು ತೊಯ್ದ ಕೋಳಿ. ನನಗೆ ಕಣ್ಣಿಲ್ಲ ಅಂತ ಇಬ್ಬರೂ ತಿಳಿದಿದ್ದರು. ಗೌರಿ ಹಬ್ಬದ ದಿನ ಅವನ ತಾಯಿ ಊರ್ಮಿಳಾ ಮನೆಗೆ ಕರೆದರಂತೆ, ಹೋದಳು. ಬರುವಾಗ ಹಣೆಗೆ ಕುಂಕುಮ, ಮುಡಿಗೆ ಹೂವು, ಕೈಯಲ್ಲಿ ಕಾಯಿ, ಎಲೆ ಅಡಿಕೆ, ಹಸಿರು ಕುಬಸದ ಕಣ, ಇಲ್ಲಿಯವರು ರವಿಕೆ ಪೀಸು ಅನ್ನುವುದು. ನೀನೇ ಹೇಳು, ನಮ್ಮ ಕಡೆ ಹುಡುಗನ ತಾಯಿ ಮದುವೆಯಾಗದ ಹುಡುಗಿಗೆ ಕಾಯಿ, ಕಣ ಕೊಟ್ಟು ಕಳಿಸಿದರೆ ಏನರ್ಥ? ಹೆಣ್ಣು ಒಪ್ಪಿದರು ಅಂತ. ಹಬ್ಬ ಮುಗಿದು ಇವಳು ಕೆಲಸಕ್ಕೆ ಹೋದದ್ದೇ ತಡ, ನಾನು ಡಬ್ಬಿ ಹಿಡಿದು ವಠಾರದ ಮನೆಮನೆಗೂ ಸಕ್ಕರೆ ಹಂಚಿ, ಮೊಮ್ಮಗಳ ಮದುವೆ ಗೊತ್ತಾಯಿತು ಎಂದು ಹೇಳಿ ಬಂದೆ.

ಮನೆ ಒಡತಿ ಮುನಿಯಕ್ಕ ಸಕ್ಕರೆ ಬಾಯಿಗೆ ಹಾಕಿಕೊಂಡ ಮೇಲೆ ಗಲ್ಲಕ್ಕೆ ಕೈ ಇಟ್ಟಳು. "ಅಯ್ಯೋ ಅಜ್ಜಿ, ಗೌರಿ ಅಬ್ಬಕ್ಕೆ ಮನೆಗ್ ಬಂದ ಎಣ್ಮಕ್ಳಿಗೆಲ್ಲಾ ಕೊಡ್ತಾರೆ ಕಣಮ್ಮ" ಅಂದಳು. ವಿಚಾರಿಸಿದರೆ, ನೀಲಾಳ ಜೊತೆ ಹೊಲಿಯುವ ಹುಡುಗಿಯರೆಲ್ಲ ಹೋಗಿದ್ದರಂತೆ, ಎಲ್ಲರಿಗೂ ಅದೇ ಕಾಯಿ, ಅದೇ ಕಣ. ಹಾಗಾದರೆ ಆ ಹುಡುಗ ಎಷ್ಟು ಮಂದಿಗೆ ತಾಳಿ ಕಟ್ಟಬೇಕು? ನಾನು ಡಬ್ಬಿ ಮುಚ್ಚಿಕೊಂಡು ಬಂದೆ, ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಗಾರ್ಮೆಂಟ್ಸಿನ ಗೇಟು ದಾಟಿತ್ತು. ಸಂಜೆ ನೀಲಾ ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿದಳು. "ಆಯಿ, ಅವ್ರು ನನ್ ಕೂಡ ಅಂಥಾ ಮಾತು ಒಂದೂ ಆಡಿಲ್ಲ. ನಾಳೆ ಹೆಂಗ ಮಾರಿ ತೋರಸ್ಲಿ?" ಅಂದಳು. ಮರುದಿನ ಕೆಲಸಕ್ಕೆ ಹೋಗಲಿಲ್ಲ, ತಟ್ಟೆ ಮುಟ್ಟಲಿಲ್ಲ. ನನಗೂ ಬಯ್ಯಲು ಬಾಯಿ ಬರಲಿಲ್ಲ. ನೀನು ಇಲ್ಲಿದ್ದಿದ್ದರೆ, ಅತ್ತೆಯ ಬಾಯಿ ಕಟ್ಟಿದ್ದನ್ನು ನೋಡಿ ಹಬ್ಬ ಮಾಡುತ್ತಿದ್ದೆ.

ನಿನ್ನೆ ಸಂಜೆ ಅವನೇ ಬಂದ. ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲಲ್ಲೇ ನಿಂತ. ಜಗಳಕ್ಕೆ ಬಂದನೆಂದು ನಾನು ಸೆರಗು ಸಿಕ್ಕಿಸಿಕೊಂಡೆ. "ಅಜ್ಜಿ, ಎಲ್ರಿಗೂ ಸಕ್ಕರೆ ಕೊಟ್ರಂತೆ, ನಂಗ್ ಮಾತ್ರ ಇಲ್ವಾ?" ಅಂದ. ಆಮೇಲೆ ಇವಳ ಬೆನ್ನು ನೋಡಿಕೊಂಡು, "ನಾನೇ ಕೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ. ನಮ್ಮಮ್ಮಂಗೂ ಹೇಳಿದೀನಿ" ಅಂದ. ಆ ಬೆನ್ನು ಅಲುಗಿತು. ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಚಹಾದ ನೆವ ಮಾಡಿ ಒಲೆ ಕಡೆ ತಿರುಗಿ ಕೂತೆ, ಕಿವಿ ಮಾತ್ರ ಇತ್ತಲೇ ಇತ್ತು. ಇನ್ನು ನನ್ನನ್ನು ಬಯ್ಯಬೇಡ. ಕಂಡವರಿಗೆಲ್ಲ ಕಣ ಕೊಡುವ ಊರಿಗೆ ಬಂದದ್ದು ನನ್ನ ತಪ್ಪೇ?

ನಿನ್ನ ಅವ್ವನಿಗೆ ನನ್ನ ಶರಣು. ಬಸವಣ್ಣ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅತ್ತೆ,
ನಿಂಗವ್ವ

ತಾ.ಕ.: ಮುಖ್ಯವಾದದ್ದೇ ಬಿಟ್ಟೆ. ನಿನ್ನ ಮಗಳು ಅವನಿಗೆ ಇನ್ನೂ ಹೂಂ ಅಂದಿಲ್ಲ. ಮನಸ್ಸಿಲ್ಲದೆ ಅಲ್ಲ. "ಮೊದ್ಲ ನಮ್ಮವ್ವಗ ಹೇಳ್ತೀನಿ, ಆಮ್ಯಾಲ ನಿಮಗ" ಎಂದು ಹೇಳಿ ಕಳಿಸಿದ್ದಾಳೆ. ನಿನ್ನ ಅವ್ವನನ್ನು ತಮ್ಮನ ಹೆಂಡತಿಗೆ ಒಪ್ಪಿಸಿ ಬೇಗ ಹೊರಡು. ಹುಡುಗ ಇವತ್ತು ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲೇ ಬಂದು, ನೀನು ಬರುವ ಇಳಕಲ್ ಬಸ್ಸು ಮೆಜೆಸ್ಟಿಕ್ಕಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ ಹೋದ. ಏನು ಹೇಳಲಿ?