ಅಪ್ಪನ ಬರಿಹಣೆ

ಕೋಡಂಬಾಕ್ಕಂ, ಚೆನ್ನೈ
೧೪-೮-೨೦೨೫

ಪ್ರೀತಿಯ ಮಧುರಕ್ಕ,

ಹೇಗಿದ್ದೀಯ? ಮಗುವಿನ ಜ್ವರ ಇಳಿಯಿತೇ? ಭೋಪಾಲದಲ್ಲಿ ಜೋರು ಮಳೆಯಂತೆ, ಕಿವಿ ಮುಚ್ಚಿ ಮಲಗಿಸು. ನೀನು ಕೇಳುವವಳಲ್ಲ, ಆದರೂ ಹೇಳುತ್ತೇನೆ. ಅಪ್ಪ ಹೇಗೆ ಬಿದ್ದರೆಂದು ಫೋನಿನಲ್ಲಿ ಕೇಳಿದೆಯಲ್ಲ, ಪಕ್ಕದಲ್ಲೇ ಅಮ್ಮ ಇದ್ದಳು, ಅವಳೆದುರು ಹೇಳಲಾಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಫೋಟೋ ತೆಗೆದು ಕಳಿಸುತ್ತೇನೆ.

ಹೋದ ವರ್ಷ ಪಾರ್ಶ್ವವಾಯು ಬಡಿದ ಮೇಲೆ ಅಮ್ಮನಿಗೆ ಕಣ್ಣು ನೆಟ್ಟಗಿದ್ದರೂ ಮುಖಗಳು ಗುರುತಾಗುವುದಿಲ್ಲ. ನನ್ನನ್ನು ದನಿಯಿಂದಲೇ ಕಂಡುಹಿಡಿಯುತ್ತಾಳೆ. ಅಪ್ಪನನ್ನು ಮಾತ್ರ ನೋಡಿದೊಡನೆ ಗುರುತಿಸುತ್ತಿದ್ದಳು. ನಲವತ್ತು ವರ್ಷದ ಸಂಸಾರವೆಂದರೆ ಹೀಗೆ ಎಂದು ನಾವು ಹೆಮ್ಮೆಪಟ್ಟೆವು. ನನ್ನ ಸಂಶೋಧನೆಯೂ ಅದೇ ತಾನೆ, ಕಂಡದ್ದನ್ನು ಮಿದುಳು ಹೇಗೆ ಗುರುತಿಸುತ್ತದೆಂದು ತಿಳಿಯಲು ಕಂಪ್ಯೂಟರಿನಲ್ಲಿ ನರಜಾಲದ ಮಾದರಿ ಕಟ್ಟುವುದು. ನಮ್ಮ ಮನೆಯ ಫೋಟೋಗಳನ್ನೆಲ್ಲ ತೋರಿಸಿ ಅದಕ್ಕೆ ಕಲಿಸಿದ್ದೆ. ಆಮೇಲೆ ಅಮ್ಮನಿಗೆ ಆದಂತೆ ಅದರ ಒಂದು ಭಾಗವನ್ನು ಕೆಡಿಸಿದೆ. ಅದರ ನೆನಪಿನಿಂದ ನಾವೆಲ್ಲ ಅಳಿಸಿಹೋದೆವು, ಅಪ್ಪ ಉಳಿದರು. ದಿನಾ ಅಮ್ಮ ಏಳುವ ಮೊದಲೇ ಅವರು ಹಣೆಗೆ ಇಡುವ ಅಂಗಾರದ ಕಪ್ಪು ಗೆರೆಯನ್ನೂ ಅಕ್ಷತೆಯ ಬೊಟ್ಟನ್ನೂ ಫೋಟೋಗಳಲ್ಲಿ ಮುಚ್ಚಿದೆ, ಅಪ್ಪನೂ ಅಳಿಸಿಹೋದರು. ಅದು ಮುಖ ನೋಡುತ್ತಲೇ ಇರಲಿಲ್ಲ. ಮಾದರಿಯ ದೋಷವೆಂದುಕೊಂಡು ಆ ಫೋಟೋಗಳನ್ನು ತೆಗೆದುಹಾಕಿದೆ. ಅಮ್ಮನೂ ಹಾಗೆಯೇ ನೋಡುತ್ತಿರಬಹುದೆಂದು ಈ ದಡ್ಡನಿಗೆ ಹೊಳೆಯಲಿಲ್ಲ.

ಸೋಮವಾರ ಮಾಧವರಂನಲ್ಲಿ ಗುರುಚರಣ ದೊಡ್ಡಪ್ಪ ತೀರಿಕೊಂಡರಲ್ಲ. ಸೂತಕವೆಂದು ಮರುದಿನ ಬೆಳಿಗ್ಗೆ ಅಪ್ಪ ಹಣೆಗೆ ಏನೂ ಇಡಲಿಲ್ಲ, ಸಂಧ್ಯಾವಂದನೆಯೂ ಮನಸ್ಸಿನಲ್ಲೇ. ಅಮ್ಮ ಎದ್ದು ಬಂದಾಗ ನಡುಮನೆಯಲ್ಲಿ ಬರಿಹಣೆಯ ಮುದುಕನೊಬ್ಬ ಮಾತಿಲ್ಲದೆ ಕೂತಿದ್ದ. "ಯಾರ್ರೀ ನೀವು? ಒಳಗೆ ಹ್ಯಾಗೆ ಬಂದ್ರಿ?" ಎಂದಳು. ಅಪ್ಪ ಜಪ ಮುರಿಯಬಾರದೆಂದು ಬಾಯಿ ತೆರೆಯದೆ ಎದ್ದು, ಸಮಾಧಾನಪಡಿಸಲು ಕೈ ಚಾಚಿದರು. ಅವಳು ಹೆದರಿ ತಳ್ಳಿದಳು. ಹೊಸ್ತಿಲಿಗೆ ತಲೆ ಬಡಿಯಿತು. ಆಮೇಲೆ ಅಪ್ಪನಿಗೆ ಎಚ್ಚರ ಬಂದಿಲ್ಲ.

ಭಾವನಿಗೆ ನಮಸ್ಕಾರ, ಮಗುವಿಗೆ ಮುತ್ತು. ಬೈಯಬೇಕೆನಿಸಿದರೆ ನನ್ನನ್ನು ಬೈ, ಅಮ್ಮನನ್ನಲ್ಲ.

ನಿನ್ನ ತಮ್ಮ,
ಉದಯ್

ತಾ.ಕ.: ಈಗಷ್ಟೇ ಡಾಕ್ಟರ್ ಒಳಗೆ ಕರೆದು ಹೇಳಿದರು, ಅಪ್ಪನಿಗೆ ಇನ್ನು ಹೆಚ್ಚು ಹೊತ್ತಿಲ್ಲವಂತೆ. ನಾಳೆಗೆ ಕಾಯಬೇಡ, ಸಿಕ್ಕ ವಿಮಾನ ಹತ್ತು. ಅಪ್ಪ ದೊಡ್ಡಪ್ಪನ ಕಾರ್ಯಕ್ಕೆ ಹೋಗಿದ್ದಾರೆಂದು ಅಮ್ಮನಿಗೆ ಸುಳ್ಳು ಹೇಳಿದ್ದೇನೆ. ಅವಳು ತಾನು ತಳ್ಳಿದ ಆ ಮುದುಕನನ್ನು ನೋಡಿಕೊಳ್ಳಬೇಕೆಂದು ಹಾಸಿಗೆಯ ಪಕ್ಕ ಬಿಟ್ಟು ಏಳುತ್ತಿಲ್ಲ. "ಪಾಪ ಕಣೋ, ಇವರ ಹೆಂಡ್ತಿಗೆ ಯಾರಾದ್ರೂ ಹೇಳಿದ್ರೇನೋ?" ಎಂದು ಕೇಳುತ್ತಿದ್ದಾಳೆ. ಅಕ್ಕಾ, ಅವಳಿಗೆ ನಿಜವನ್ನು ಅಪ್ಪ ಇರುವಾಗಲೇ ಹೇಳಬೇಕೋ, ಹೋದ ಮೇಲೋ?