ಅರಿಶಿನ ಹತ್ತಿದ ಗಾಲ್ಫ್ ಸ್ಟಿಕ್

ಅಕ್ಟೋಬರ್ 20, 2007, ಶನಿವಾರ. ಬೆಲ್ವ್ಯೂ.

ಅರಿಶಿನ ಹೋಗುತ್ತಲೇ ಇಲ್ಲ.

ಸೋಮವಾರ ಕಾಲೇಜಿನಲ್ಲಿ ಹಳೆಯ ಗಾಲ್ಫ್ ಕೈಕೆಲಸದ ಬಗ್ಗೆ ನಾನು ಕೊಡುವ ಪ್ರೆಸೆಂಟೇಶನ್‌ನಲ್ಲಿ ತೋರಿಸಲೆಂದು ಪ್ರೊಫೆಸರ್ ತಮ್ಮ ಹಳೆಯ ಗಾಲ್ಫ್ ಸ್ಟಿಕ್ಕನ್ನು ನನ್ನ ನಂಬಿ ಕೊಟ್ಟಿದ್ದರು. ನೂರು ವರ್ಷದ ಕೆಳಗೆ ಇಂಗ್ಲೆಂಡ್ ಬಿಟ್ಟು ಈ ದೇಶಕ್ಕೆ ಬಂದ ಗಾಲ್ಫ್ ಮಾಸ್ತರ ಹ್ಯಾರಿ ಪೆಲ್ ಕೈಯಾರೆ ಮಾಡಿದ್ದು. ಇವತ್ತು ಚಿಕ್ಕಪ್ಪನ ಮನೆಯಲ್ಲಿ ಆಯುಧಪೂಜೆ. ನಾನು ಸ್ನಾನ ಮುಗಿಸಿ ಬರುವುದರೊಳಗೆ ಕಾಕು, ನನ್ನ ಚಿಕ್ಕಮ್ಮ, ಅದನ್ನು ಮಿಕ್ಸರ್, ಲ್ಯಾಪ್‌ಟಾಪ್ ಪಕ್ಕ ಇಟ್ಟು, ಅದರ ಮರದ ತಲೆಗೆ ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದರು.

"ಕಾಕು, ಇದು ನಮ್ದಲ್ಲ!"

"ದುಡಿಯೋ ಮನಷ್ಯಾನ ಸಾಮಾನ ಅಂತ ನೀನ ಹೇಳಿದ್ದಿ. ಮತ್ತ ಪೂಜಿ ಮಾಡಬಾರದೇನ?"

ಕಾಕಾ ಸೋಫಾದಿಂದಲೇ ನಕ್ಕರು. "ನನ್ನ ಸ್ಟಿಕ್ಕಿಗೂ ಹಚ್ಚು, ಒಮ್ಮೆರ ಬಾಲ್ ನೆಟ್ಟಗ ಹೋಗಲಿ."

ನಾನು ಸ್ಟಿಕ್ಕನ್ನು ಎತ್ತಿಕೊಂಡು ಸಿಂಕಿನ ಹತ್ತಿರ ಓಡಿದೆ. ಹಾಸ್ಟೆಲಿನಲ್ಲಿ ಕಲಿತ ಬುದ್ಧಿ: ಇನ್ನೊಬ್ಬರ ವಸ್ತು ಕೆಟ್ಟರೆ ಮೊದಲು ತೊಳೆ, ಆಮೇಲೆ ನನಗೆ ಗೊತ್ತೇ ಇಲ್ಲ ಅನ್ನು. ಒದ್ದೆ ಬಟ್ಟೆ, ಸೋಪು, ಕೊನೆಗೆ ಪಾತ್ರೆ ಉಜ್ಜುವ ಸ್ಪಾಂಜ್.

ಪೆಲ್ ಕ್ಲಬ್ಬಿನ ಶ್ರೀಮಂತರಿಗೆಲ್ಲ ಆಟ ಕಲಿಸಿದ, ಆದರೆ ಹಿಂಬಾಗಿಲಿನಿಂದಲೇ ಒಳಗೆ ಹೋಗಬೇಕಿತ್ತಂತೆ. ಫ್ಯಾಕ್ಟರಿಯ ಸ್ಟೀಲ್ ಸ್ಟಿಕ್ ಬಂದ ಮೇಲೆ ಅವನ ಕೈಕೆಲಸವೂ ಯಾರಿಗೂ ಬೇಡವಾಯಿತು. ಎಷ್ಟು ಹುಡುಕಿದರೂ ಒಂದು ಫೋಟೋ ಸಿಗಲಿಲ್ಲ. ನನ್ನ ಬಳಿ ಇರುವುದು ಈ ಮರದ ಮೇಲೆ ಅವನೇ ಒತ್ತಿದ ಹೆಸರು ಮಾತ್ರ.

ಈಗ ದೀಪದ ಹತ್ತಿರ ಹಿಡಿದು ನೋಡಿದೆ. ಹಳದಿ ಹಾಗೇ ಇದೆ, ಹೆಸರೇ ಮಸುಕಾಗುತ್ತಿದೆ. ಸ್ಪಾಂಜ್ ಎಸೆದೆ. ಸೋಮವಾರ ಪ್ರೊಫೆಸರ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಹೇಗೆ ಶುರು ಮಾಡುವುದೋ. ಬೈದರೆ ಬೈಯಲಿ. ಇನ್ನೂ ಉಜ್ಜಿದರೆ ಆ ಮನುಷ್ಯನೇ ಅಳಿಸಿಹೋಗುತ್ತಾನೆ.